ನಡುದಾರಿಯ ಜರಡಿ

“ಸಾರ್, ಯಾವ ಮೆಸೇಜ್ ಬೇಕು, ಯಾವುದು ಬೇಡ ಅನ್ನೋದನ್ನ ಓದೋರಿಗೇ ಬಿಡೋಣ. ನೆಟ್‌ವರ್ಕ್ ಕೆಲಸ ತಲುಪಿಸೋದಷ್ಟೇ,” ಎಂದು ಮೊಬೈಲ್ ಕಂಪನಿಯ ಕಿರಿಯ ಎಂಜಿನಿಯರ್ ಲವೀನಾ ಅಂದೇ ಹೇಳಿದ್ದಳು.

“ಕಸಾನ ಮನೆ ಬಾಗಿಲ ತನಕ ಯಾಕಮ್ಮ ಹೊರಬೇಕು? ದಾರೀಲೇ ಗುಡಿಸಿಬಿಡು,” ಎಂದಿದ್ದರು ಚೀಫ್ ಎಂಜಿನಿಯರ್ ಸದಾನಂದಯ್ಯ. ಪ್ರತಿ ಮೆಸೇಜನ್ನೂ ಕೆಲವು ನಿಮಿಷ ಹಿಡಿದಿಟ್ಟು, ಒಂದೇ ನಂಬರಿನಿಂದ ಒಂದೇ ಸಾಲು ಪದೇ ಪದೇ ಬಂದರೆ ಮೊದಲನೆಯದೂ ಸೇರಿ ಒಂದನ್ನೂ ಮುಂದೆ ಬಿಡದೆ ನಡುವೆಯೇ ತಡೆಯುವ ಜರಡಿಯನ್ನು ಅವರೇ ಕೈಯಾರೆ ಕೂರಿಸಿದರು.

ಮಗಳು ಗಂಡನ ಮನೆಯಲ್ಲಿ ಸತ್ತ ಹದಿನೈದನೆಯ ದಿನ ಅವರು ಮತ್ತೆ ಕೆಲಸಕ್ಕೆ ಬಂದರು.

“ಅಷ್ಟು ಕಷ್ಟ ಇದ್ದಿದ್ರೆ ಅಪ್ಪಂಗೆ ಒಂದೇ ಒಂದು ಮೆಸೇಜ್ ಹಾಕ್ಬಾರ್ದಿತ್ತಾ, ಲವೀನಾ?”

ಲವೀನಾ ತಲೆ ತಗ್ಗಿಸಿ, ಜರಡಿ ತಡೆದಿದ್ದ ಮೆಸೇಜುಗಳ ಪಟ್ಟಿಯನ್ನು ಅವರ ಮುಂದಿಟ್ಟಳು.

ಮಗಳ ನಂಬರಿನಿಂದ ಇಪ್ಪತ್ತಮೂರು ಸಲ ಅದೇ ಸಾಲು: “ಅಪ್ಪಾ, ಬಂದು ಕರ್ಕೊಂಡ್ ಹೋಗಿ.”