ಅರಸನ ಮುಂದೆ ಆಕಳಿಕೆ

ಪ್ರತಿ ಗೋಡೆಯ ಮೇಲೂ ಕೂತು ಕದ್ದಾಲಿಸುವ ಸರ್ಕಾರಿ ಕಿವಿಗೆ ನಿಷೇಧಿತ ಕತೆಗಳ ವಾಕ್ಯಗಳೆಲ್ಲ ಬಾಯಿಪಾಠ. ಹಾಗಾಗಿ ಪದ ಬದಲಿಸಿ ಕತೆ ಹೇಳುವುದು ಊರಿಗೇ ರೂಢಿಯಾಗಿತ್ತು.

ಮಗ್ಗದ ಶೆಡ್ಡಿನಲ್ಲಿ ಊಟದ ಹೊತ್ತು. ಫಕೀರವ್ವ ಹೆಂಗಸರಿಗೆ ಅಂಥದೊಂದು ಕತೆ ಹೇಳುತ್ತಿದ್ದಳು. ಅದನ್ನು ಅಚ್ಚಿನಲ್ಲಿ ಓದಿದ್ದವರು ಅವಳು ಮತ್ತು ಗೆಳತಿ ಖೈರೂನ್ ಮಾತ್ರ.

"ರಾಜಾನ ಮುಂದ ಮುದುಕಿ ನಕ್ಕಳವಾ..."

ಖೈರೂನ್‌ಗೆ ತಡೆಯಲಾಗಲಿಲ್ಲ. "ನಕ್ಕಳಂತ, ಮಣ್ಣು! 'ಅರಸನ ಮುಂದೆ ಮುದುಕಿ ಆಕಳಿಸಿದಳು'!"

ಗೋಡೆಯ ಕಿವಿಯ ದೀಪ ಕೆಂಪಾಯಿತು. ತುತ್ತುಗಳು ಕೈಯಲ್ಲೇ ಉಳಿದವು. ಪೊಲೀಸರು ಒಳನುಗ್ಗಿದರು. ಅವರು ಒಯ್ದವರನ್ನು ಮತ್ತೆ ಯಾರೂ ಕಂಡಿರಲಿಲ್ಲ.

"ಯಾವಾಕಿ ಹೇಳಿದ್ದು?"

"ನಾನರೀ," ಫಕೀರವ್ವ ಎದ್ದಳು.

ಖೈರೂನ್ ಅವಳ ಸೆರಗು ಜಗ್ಗಿ ಕೂರಿಸಿದಳು. "ಈಕಿ ಬಾಯಾಗ ಒಂದ್ ಮಾತೂ ನೆಟ್ಟಗ ಬರೂದಿಲ್ರಿ ಸಾಹೇಬ್ರ. ಸರಿಯಾಗಿ ಹೇಳಿದಾಕಿ ನಾನು."