ಊದಿದ ಬ್ಯಾಟರಿ

ಅಮ್ಮಾಜಮ್ಮನ ಮೊಬೈಲಿನಿಂದ ತೆಗೆದ ಬ್ಯಾಟರಿಯನ್ನು ಮೊಬೈಲ್ ರಿಪೇರಿಯ ಚಲಪತಿ ತನ್ನ ಅಂಗಡಿಯ ಗಾಜಿನ ಮೇಲಿಟ್ಟು ಬೆರಳಿನಿಂದ ತಿರುವಿದ. ಅದು ಬುಗುರಿಯಂತೆ ಸುತ್ತಿತು. "ನೋಡಮ್ಮಾ, ಚೆನ್ನಾಗಿರೋದು ಇಂಗೆ ತಿರುಗಲ್ಲ. ಊದ್ಕಂಡೈತೆ."

ಹಿಂದಿನ ಮುಚ್ಚಳ ಕೂರುತ್ತಿಲ್ಲವೆಂದಷ್ಟೇ ಬೂದಿಕೋಟೆಯಿಂದ ಬಂಗಾರಪೇಟೆಗೆ ಬಂದಿದ್ದ ಅಮ್ಮಾಜಮ್ಮ, ಹಸುವಿನ ಕೆಚ್ಚಲು ನೋಡುವಂತೆ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. "ಬಾವು ಬಂದಂಗೈತೆ."

"ಒತ್ತಬೇಡಮ್ಮಾ!" ಚಲಪತಿ ಗಾಬರಿಯಿಂದ ಕಿತ್ತುಕೊಂಡ. "ಚಾರ್ಜಿಗೆ ಆಕಿದ್ರೆ ಸರಿಯಾಗಿರ್ತೈತೆ. ಕಿತ್ತು ನಾಕು ಮಾತಾಡೋದ್ರೊಳಗೆ ತಾನೇ ಆಫ್ ಆಗೋಗ್ತೈತೆ, ಅಲ್ವಾ?"

ಅಮ್ಮಾಜಮ್ಮನ ಕೈ ಗಾಜಿನ ಮೇಲೆಯೇ ನಿಂತಿತು. "ತಾನೇ ಆಫ್ ಆಗ್ತಿತ್ತಾ? ಆ ಕಡೆಯಿಂದ ಕಟ್ ಮಾಡ್ತಿರಲಿಲ್ವಾ?"

ಹಸು ಮಾರುವ ಮಾತಿಗೆ ಜಗಳವಾದ ಮೇಲೆ, ಮಾರಿಕುಪ್ಪಂನಲ್ಲಿರುವ ಮಗಳು ಮೀನಾ ಮೂರು ಸಲ ಮಾತಿನ ನಡುವೆಯೇ ಫೋನ್ ಇಟ್ಟಳೆಂದು ಅವಳು ನಂಬಿದ್ದಳು. ಆಮೇಲೆ ಮಗಳ ಫೋನ್ ಬಂದಾಗಲೆಲ್ಲ ಎತ್ತಿರಲಿಲ್ಲ. ಎರಡು ತಿಂಗಳಾಗಿತ್ತು.

ಚಲಪತಿ ಹೊಸ ಬ್ಯಾಟರಿ ಕೂರಿಸಿದ. ಮುಚ್ಚಳ ಟಕ್ಕೆಂದು ಕೂತಿತು. "ಯಾರಿಗಾದ್ರೂ ಮಾಡಿ ನೋಡಮ್ಮಾ," ಎಂದ.

ಒಂದೇ ರಿಂಗಿಗೆ ಆ ಕಡೆಯಿಂದ ದನಿ ಬಂತು. "ಅಮ್ಮಾ! ಕೋಪ ಇಳೀತಾ? ನಾನು ಮಾತಾಡ್ತಿದ್ದಂಗೇ ಇಟ್ಬಿಡ್ತಿದ್ದೆಯಲ್ಲಮ್ಮಾ."

"ನಾನು ಇಡಲಿಲ್ಲ ಕಣೇ," ಎಂದಳು ಅಮ್ಮಾಜಮ್ಮ. ಮೀನಾ ಮಾತಾಡುತ್ತಲೇ ಇದ್ದಳು. ನಾಲ್ಕು ಮಾತಾಯಿತು, ಹತ್ತಾಯಿತು, ಫೋನ್ ಆಫ್ ಆಗಲಿಲ್ಲ. ಅದನ್ನು ಕಿವಿಯಿಂದ ತೆಗೆಯಲು ಮನಸ್ಸು ಬಾರದೆ, ಅಮ್ಮಾಜಮ್ಮ ಉಳಿದ ಒಂದೇ ಕೈಯೆತ್ತಿ ಚಲಪತಿಗೆ ನಮಸ್ಕಾರ ಮಾಡಿದಳು.