ಹುರುಳಿ ಹಾಸಿದ ರಸ್ತೆ

ಪುಷ್ಯದ ಬಿಸಿಲಿಗೆ ಒಣಗಿದ ಹುರುಳಿ ಗಿಡಗಳನ್ನು ದುಗ್ಗಮ್ಮ ಮೇಳಿಗೆ ಊರಿನ ಕಡೆಯ ಟಾರು ರಸ್ತೆಯ ಮೇಲೆ ಹರಡಿ, ಯಾವುದಾದರೂ ಗಾಡಿ ತುಳಿದು ಕಾಳು ಬಿಡಿಸಲಿ ಎಂದು ಬೆಳಗ್ಗಿನಿಂದ ಕಾಯುತ್ತಿದ್ದಳು. ಹನ್ನೊಂದಾದರೂ ಬಂದದ್ದು ಎರಡು ದನ, ಒಂದು ಸ್ಕೂಟರ್. ಪಡುವಣದಲ್ಲಿ ಅಕಾಲದ ಮೋಡ ಏಳುತ್ತಿತ್ತು; ನೆನೆದರೆ ವರ್ಷದ ಹುರುಳಿಯೆಲ್ಲ ಮುಗ್ಗು ಹಿಡಿಯುತ್ತದೆ.

"ಬಸ್ಸೇ ಬರದ ರಸ್ತೇಲಿ ಕಣ ಮಾಡಿದ್ಯಲ್ಲೇ ಮಾರಾಯ್ತಿ! ನಿನ್ನ ಬುದ್ಧಿಗೆ ಎಂತ ಹೇಳದು?" ಗಂಡ ಹೂವಯ್ಯ ಜಗಲಿಯಿಂದಲೇ ನಕ್ಕ. ಕೋಲಿನಿಂದ ಬಡಿಯೋಣವೆಂದರೆ ಅವಳ ಭುಜ ಏಳುತ್ತಿರಲಿಲ್ಲ. ಅವನ ಸೊಂಟ ಬಗ್ಗುತ್ತಿರಲಿಲ್ಲ.

ಅಷ್ಟರಲ್ಲಿ ತಿರುವಿನಲ್ಲಿ ಬೆಲ್ಲು ಕೇಳಿಸಿತು. ತೀರ್ಥಹಳ್ಳಿಯ ರಕ್ಷಾ, ಅವಳ ಹಿಂದೆ ಏಳೆಂಟು ಸೈಕಲ್ಲು. ಗಾಡಿ ಓಡಾಡದ ರಸ್ತೆಯೆಂದೇ ಪ್ರತಿ ಭಾನುವಾರ ಹೊಳೆದಂಡೆಯಿಂದ ಇತ್ತ ಬಂದು, ದುಗ್ಗಮ್ಮನ ಮಜ್ಜಿಗೆ ಕುಡಿದು ಹೋಗುವವರು. ಹುರುಳಿ ಕಂಡದ್ದೇ ಎಲ್ಲರೂ ಇಳಿದು, ಒಂದು ಕಾಯಿಯೂ ತುಳಿಯದ ಹಾಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅಂಚಿನಲ್ಲಿ ದಾಟತೊಡಗಿದರು.

"ಅಯ್ಯೋ, ಇಳೀಬೇಡಿ! ಹತ್ತಿ, ಹತ್ತಿ! ಅದ್ರ ಮೇಲೇ ಬಿಡಿ!" ದುಗ್ಗಮ್ಮ ಸೆರಗು ಬೀಸಿ ಕೂಗಿದಳು.

ಹೋದರು, ಬಂದರು, ಮತ್ತೆ ಹೋದರು. ಕಾಯಿ ಚಟಪಟ ಸಿಡಿಯಿತು. ಒಬ್ಬ ಜಾರಿ ಹುರುಳಿಯಲ್ಲೇ ಕೂತ. ಮೊದಲ ಹನಿ ಬೀಳುವಷ್ಟರಲ್ಲಿ ಹೂವಯ್ಯನೇ ಜಗಲಿ ಇಳಿದು ಬಂದು, ಹೊಟ್ಟಿನ ಸಮೇತ ಕಾಳನ್ನು ಸೈಕಲ್ಲಿನವರ ಕೈಲಿ ಗೋಣಿಗೆ ತುಂಬಿಸಿ ಬಾಯಿ ಕಟ್ಟಿದ್ದ.

"ಇಷ್ಟು ದಿನದ ಮಜ್ಜಿಗೆ ಋಣ ತೀರ್ತಲ್ಲ ದುಗ್ಗಕ್ಕಾ?" ರಕ್ಷಾ ಬೆವರು ಒರೆಸಿಕೊಂಡಳು.

"ಎಲ್ಲಿ ತೀರ್ತು? ಇವತ್ತಿಂದು ಕುಡೀರಿ ಮೊದ್ಲು." ದುಗ್ಗಮ್ಮ ಲೋಟ ತುಂಬಿ ಕೊಟ್ಟಳು. "ಬರೋ ಭಾನುವಾರ ಉದ್ದು ಹರಡ್ತೀನಿ."